ಬೋರ್ಡಿನ ನಂಬರು ಬೇರೆ, ಬ್ಯಾಂಕಿನ ನಂಬರು ಬೇರೆ ಇರಲಿ

ಕಳೆದ ತಿಂಗಳು ಸಂಘದ ಸಭೆ ಮುಗಿಸಿ ಊಟಕ್ಕೆ ಕುಳಿತಿದ್ದಾಗ ಪಕ್ಕದಲ್ಲಿದ್ದ ಹಿರಿಯ ಹೋಟೆಲಿಗರೊಬ್ಬರ ಫೋನು ಐದು ನಿಮಿಷದಲ್ಲಿ ಮೂರು ಸಲ ಬಡಿದುಕೊಂಡಿತು. ಒಂದು ಸಾಲ ಕೊಡುವವರದ್ದು, ಇನ್ನೊಂದು ಸೈಟು ಮಾರುವವರದ್ದು, ಮೂರನೆಯದು ಫುಡ್ ಲೈಸೆನ್ಸ್ ಇವತ್ತೇ ರದ್ದಾಗುತ್ತದೆ, ಕೂಡಲೇ ಹಣ ಕಟ್ಟಿ ಎನ್ನುವವರದ್ದು. "ಇನ್ನು ಗುರುತಿಲ್ಲದ ನಂಬರು ಎತ್ತುವುದೇ ಇಲ್ಲ ಮಾರಾಯ್ರೇ" ಎಂದು ಅವರು ಫೋನನ್ನು ಮಗುಚಿ ಇಟ್ಟರು. ಸಾಂಬಾರು ಬಡಿಸುವ ಮೊದಲೇ ನಾಲ್ಕನೆಯ ಕರೆ ಬಂತು. ಎತ್ತಿದರು. ನಾಮಕರಣಕ್ಕೆ ನೂರಿಪ್ಪತ್ತು ಊಟದ ಆರ್ಡರು!

ನಮ್ಮ ಕಷ್ಟ ಇರುವುದು ಇಲ್ಲಿಯೇ. ಆಫೀಸಿಗೆ ಹೋಗುವವರಿಗೆ "ಗೊತ್ತಿಲ್ಲದ ನಂಬರು ಎತ್ತಬೇಡಿ" ಎಂದು ಪತ್ರಿಕೆಗಳು ಉಪದೇಶ ಮಾಡುತ್ತವೆ, ಸರಿ. ನಮಗೆ ಗಿರಾಕಿಯೇ ಗೊತ್ತಿಲ್ಲದ ನಂಬರು. ಅದೂ ಅಲ್ಲದೆ ಫೋನು ಎತ್ತದೆ ಇರುವುದು ನಮ್ಮ ರಕ್ತದಲ್ಲೇ ಇಲ್ಲ. ಮುಂಬಯಿಯಲ್ಲಿ ಮನೆಮನೆಗೆ ಫೋನಿಲ್ಲದ ಕಾಲದಲ್ಲಿ ಹೋಟೆಲಿನ ಗಲ್ಲಾದ ಮೇಲಿದ್ದ ಕಪ್ಪು ಫೋನೇ ಇಡೀ ಚಾಳಿನ ಪಿಪಿ ನಂಬರು. ಊರಿನಿಂದ ಟ್ರಂಕ್ ಕಾಲ್ ಬಂದರೆ ಹುಡುಗನೊಬ್ಬ ಮೂರನೇ ಮಾಳಿಗೆಗೆ ಓಡಿ ಹೋಗಿ ಕರೆದು ತರುತ್ತಿದ್ದ. ಯಾರದೋ ತಾಯಿಗೆ ಹುಷಾರಿಲ್ಲ, ಯಾರಿಗೋ ಗಂಡು ಮಗು. ಆ ಫೋನನ್ನು ಎತ್ತದೆ ಬಿಡುವುದು ಪಾಪವೆಂದೇ ನಮ್ಮ ಹಿರಿಯರು ತಿಳಿದಿದ್ದರು. ಈಗಿನ ಮೋಸಗಾರರಿಗೆ ಈ ಗುಣವೇ ಬಂಡವಾಳವಾಗಿದೆ.

ನನ್ನದೇ ಕಥೆ ಹೇಳುತ್ತೇನೆ. 2023ರಲ್ಲಿ ಒಂದು ಬೆಳಿಗ್ಗೆ ಗಲ್ಲಾದಲ್ಲಿ ನನ್ನ ಅಕ್ಕನ ಮಗ ಕುಳಿತಿದ್ದ. ಮಿಲಿಟರಿ ಕ್ಯಾಂಪಿನಿಂದ ಮಾತನಾಡುತ್ತಿದ್ದೇನೆ, ಜವಾನರಿಗೆ ನಲವತ್ತು ಪ್ಲೇಟು ಇಡ್ಲಿವಡೆ, ನಲವತ್ತು ಪಲಾವ್ ಬೇಕು, ಒಂದು ಗಂಟೆಗೆ ಗಾಡಿ ಬರುತ್ತದೆ ಎಂದು ಹಿಂದಿಯಲ್ಲಿ ಗತ್ತಿನ ದನಿ. ಸಮವಸ್ತ್ರದ ಫೋಟೋ ಇರುವ ಗುರುತಿನ ಚೀಟಿಯೂ ವಾಟ್ಸಾಪಿನಲ್ಲಿ ಬಂತು. ಅಡುಗೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಅದಕ್ಕೇ ನಿಂತರು. ಹನ್ನೆರಡೂವರೆಗೆ, ಎಲ್ಲ ಪ್ಯಾಕ್ ಆದ ಮೇಲೆ, ಅದೇ ದನಿ: "ಮಿಲಿಟರಿಯ ಪೇಮೆಂಟ್ ಕ್ರಮ ಬೇರೆ, ಮೊದಲು ನಿಮ್ಮ ಖಾತೆ ತಪಾಸಣೆ ಆಗಬೇಕು. ಒಂದು ರೂಪಾಯಿ ಕಳಿಸಿ, ಎರಡು ರೂಪಾಯಿ ವಾಪಸು ಬರುತ್ತದೆ." ನಿಜವಾಗಿಯೂ ಬಂತು! ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಪೂರ್ತಿ ಹಣ ಜಮೆಯಾಗುತ್ತದೆ ಎಂದ. ಹುಡುಗ ಪಿನ್ ಹಾಕಿದ. ಒಂಬತ್ತು ಸಾವಿರದ ಆರುನೂರು ಹೋಯಿತು. ಗಾಡಿ ಬರಲಿಲ್ಲ. ಆ ಪಲಾವನ್ನು ರಾತ್ರಿ ಹುಡುಗರೂ ನಾವೂ ಉಂಡೆವು.

ಹಣ ಪಡೆಯಲು ಪಿನ್ ಹಾಕಬೇಕಾಗಿಯೇ ಇಲ್ಲ, ಪಿನ್ ಹಾಕಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ದಿನಕ್ಕೆ ಇನ್ನೂರು ಸಲ ಯುಪಿಐ ಹಣ ಪಡೆಯುವ ಗಲ್ಲಾದವನಿಗೆ ಇದು ತಿಳಿಯದ್ದಲ್ಲ. ಆದರೆ ಮಧ್ಯಾಹ್ನದ ರಶ್, ಎಂಬತ್ತು ಪ್ಯಾಕೆಟ್ ತಯಾರು, ಫೋನಿನಲ್ಲಿ ಸಾಹೇಬನ ಜೋರು. ನಾನೇ ಇದ್ದಿದ್ದರೂ ಏನಾಗುತ್ತಿತ್ತೋ.

ನನ್ನನ್ನು ಇವತ್ತಿಗೂ ಕೊರೆಯುವುದು ಆ ಒಂಬತ್ತು ಸಾವಿರವಲ್ಲ. ಹುಡುಗ ಹೆದರಿ ರಾತ್ರಿಯವರೆಗೆ ನನಗೆ ಹೇಳಲಿಲ್ಲ. ಹಣ ಹೋದ ಕೂಡಲೇ 1930ಕ್ಕೆ ಫೋನ್ ಮಾಡಿದ್ದರೆ ಮುಂದಿನ ಖಾತೆಯಲ್ಲಿ ಅದನ್ನು ತಡೆಹಿಡಿಯುವ ಸಾಧ್ಯತೆಯಾದರೂ ಇತ್ತು, ಆ ಹೊತ್ತು ಕಳೆದುಹೋಗಿತ್ತು. ನಾನಾದರೂ ಏನು ಮಾಡಿದೆ? ಮೂವತ್ತು ವರ್ಷ ಹೋಟೆಲು ನಡೆಸಿದವನು ಹೀಗೆ ಮೋಸ ಹೋದೆನೆಂದು ಯಾರಲ್ಲಿ ಹೇಳುವುದು ಎಂದು ಬಾಯಿ ಮುಚ್ಚಿಕೊಂಡೆ. ಎರಡು ತಿಂಗಳಾದ ಮೇಲೆ ತಿಳಿಯಿತು, ನಮ್ಮ ಹೋಟೆಲಿನಿಂದ ನಾಲ್ಕು ಹೆಜ್ಜೆ ದೂರದ ನಮ್ಮವರೊಬ್ಬರಿಗೂ ಅದೇ ದನಿ, ಅದೇ ನಲವತ್ತು ಪ್ಲೇಟು. ನನಗಾದ ಒಂದು ವಾರದ ನಂತರ.

ಉಪಾಯವೇನು? ಡಿಎನ್‌ಡಿ ಹಾಕಿಸಿದರೆ ಗಿರಾಕಿಗಳ ಕರೆಯೂ ನಿಂತುಹೋಗುತ್ತದೆಂದು ನಮ್ಮಲ್ಲಿ ಅನೇಕರ ಭಯ. ಹಾಗೇನಿಲ್ಲ. 1909ಕ್ಕೆ ಫೋನ್ ಮಾಡಿ ನೋಂದಾಯಿಸಿದರೆ ನಿಲ್ಲುವುದು ಜಾಹೀರಾತು ಕರೆಗಳು ಮಾತ್ರ. ಆದರೆ ಅದು ಕಾನೂನಿಗೆ ಬಗ್ಗುವ ಕಂಪನಿಗಳಿಗಷ್ಟೇ ತಡೆ. ಮಾಮೂಲಿ ಹತ್ತಂಕಿ ನಂಬರಿನಿಂದ ಪೀಡಿಸುವವರ ಮೇಲೆ ದೂರು ಕೊಡಬೇಕು. 2025ರ ಫೆಬ್ರುವರಿಯಲ್ಲಿ ಟ್ರಾಯ್ ನಿಯಮ ಬದಲಾಯಿಸಿತು: ದೂರು ಕೊಡಲು ಮೊದಲಿದ್ದ ಮೂರು ದಿನದ ಅವಧಿ ಏಳು ದಿನವಾಗಿದೆ, ಮುಂಚೆಯೇ ನೋಂದಾಯಿಸಿರಬೇಕೆಂದೂ ಇಲ್ಲ. ಜಾಹೀರಾತು ಕರೆಗೆ 140ರಿಂದ ಶುರುವಾಗುವ ನಂಬರು, ಬ್ಯಾಂಕು ವಿಮೆಯವರ ಸೇವಾ ಕರೆಗೆ 1600ರಿಂದ ಶುರುವಾಗುವ ನಂಬರು ಎಂದು ಗೊತ್ತುಮಾಡಿದ್ದಾರೆ. ಸಾದಾ ಮೊಬೈಲ್ ನಂಬರಿನಿಂದ "ನಾನು ನಿಮ್ಮ ಬ್ಯಾಂಕಿನ ಮ್ಯಾನೇಜರ್" ಎಂದರೆ ಅನುಮಾನಪಡಲು ಅಷ್ಟು ಸಾಕು.

ಇವೆಲ್ಲ ಇರಲಿ. ಮೋಸದ ಬೇರು ಬೇರೆಯೇ ಇದೆ ಎಂಬುದು ನನ್ನ ಅನಿಸಿಕೆ. ಇಪ್ಪತ್ತು ವರ್ಷದ ಹಿಂದೆ ತೆಗೆದುಕೊಂಡ ಒಂದೇ ನಂಬರು ನಮ್ಮ ಬೋರ್ಡಿನ ಮೇಲಿದೆ, ಬಿಲ್ಲಿನ ಮೇಲಿದೆ, ಪಾರ್ಸೆಲ್ ಚೀಲದ ಮೇಲಿದೆ. ಅದೇ ನಂಬರು ಬ್ಯಾಂಕಿಗೆ, ಆಧಾರಿಗೆ, ಯುಪಿಐಗೆ ಜೋಡಿಸಿದೆ. ಓಟಿಪಿ ಬರುವುದೂ ಅದಕ್ಕೇ. ಎರಡು ಇಡ್ಲಿ ಕಟ್ಟಿಸಿಕೊಂಡು ಹೋದವನ ಕೈಗೆ ನಮ್ಮ ತಿಜೋರಿಯ ಬಾಗಿಲು ಯಾವುದೆಂದು ಚೀಲದಲ್ಲಿ ಬರೆದುಕೊಟ್ಟ ಹಾಗಾಯಿತಲ್ಲವೆ?

ಹಳೆಯ ನಂಬರನ್ನು ಗಿರಾಕಿಗಳಿಗೆ ಬಿಟ್ಟುಬಿಡಿ. ಅದನ್ನೊಂದು ಸಾದಾ ಗುಂಡಿ ಫೋನಿಗೆ ಹಾಕಿ ಗಲ್ಲಾದಲ್ಲಿಡಿ. ಅದರಲ್ಲಿ ಯುಪಿಐ ಬೇಡ, ವಾಟ್ಸಾಪೂ ಬೇಡ. ಹೊಸದೊಂದು ನಂಬರು ತೆಗೆದು ಬ್ಯಾಂಕಿಗೆ ಅದನ್ನು ಕೊಡಿ, ಬೇರೆ ಯಾರಿಗೂ ಕೊಡಬೇಡಿ. ನನಗೆ ಶಾಖೆಯಲ್ಲಿ ಅರ್ಧ ದಿನ ಹಿಡಿಯಿತು. ಗಿರಾಕಿಗಳ ಹಣಕ್ಕೆ ಗೋಡೆಯ ಮೇಲಿನ ಕೋಡೂ ಕೂಗಿ ಹೇಳುವ ಡಬ್ಬಿಯೂ ಇದ್ದೇ ಇವೆ. ಗಲ್ಲಾದ ಹುಡುಗನ ಕೈಯಲ್ಲಿ ಪಿನ್ ಇಲ್ಲದಿದ್ದರೆ ಫೋನಿನ ಆಚೆಯವನು ಎಷ್ಟು ಗದರಿಸಿದರೂ ಅವನು ಕೊಡುವುದಾದರೂ ಏನನ್ನು? ಒಂದೇ ಎಚ್ಚರಿಕೆ, ಹೊಸ ಸಿಮ್ಮಿಗೆ ರೀಚಾರ್ಜ್ ಮರೆಯಬೇಡಿ. ಮೂರು ತಿಂಗಳು ಬಳಸದೆ ಬಿಟ್ಟರೆ ನಂಬರು ಕಡಿತವಾಗಬಹುದು, ಮುಂದೆ ಇನ್ನೊಬ್ಬರ ಪಾಲಾಗಬಹುದು, ನಿಮ್ಮ ಓಟಿಪಿ ಸಮೇತ.

ಹುಡುಗರಿಗೆ ನಮ್ಮ ಹೆಸರಿನಲ್ಲಿ ಸಿಮ್ ತೆಗೆಸಿಕೊಡುವ ಅಭ್ಯಾಸವೂ ನಿಲ್ಲಲಿ. ಹುಡುಗ ಕೆಲಸ ಬಿಟ್ಟು ಹೋಗುತ್ತಾನೆ, ಸಿಮ್ಮೂ ಅವನ ಜತೆ ಹೋಗುತ್ತದೆ, ಹೆಸರು ಮಾತ್ರ ನಮ್ಮದು. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂದು ಸರಕಾರದ ಸಂಚಾರ್ ಸಾಥಿಯಲ್ಲಿ ನೋಡಬಹುದು. ನನ್ನ ಹೆಸರಿನಲ್ಲಿ ಆರಿದ್ದವು. ಮೂರನ್ನು ಯಾರಿಗೆ ಕೊಟ್ಟಿದ್ದೆನೆಂಬುದೇ ನೆನಪಿಲ್ಲ.

ಇನ್ನು ಸಂಘದವರಲ್ಲಿ ಒಂದು ಕೋರಿಕೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಶುಭೋದಯದ ಹೂವುಗಳೇ ಐವತ್ತು ಬರುತ್ತವೆ. ಅದು ಬೇರೆ ಗುಂಪಿನಲ್ಲಿ ಬರಲಿ. ಮೋಸದ ಕರೆಯ ನಂಬರು, ಏನು ಆರ್ಡರು ಕೊಟ್ಟ, ಏನು ಹೇಳಿದ, ಇಷ್ಟನ್ನು ಬರೆಯಲು ಪ್ರತ್ಯೇಕ ಗುಂಪೊಂದನ್ನು ಮಾಡಿ. ಹಣ ಕಳೆದುಕೊಂಡವರು ಎಷ್ಟು ಕಳೆದುಕೊಂಡೆವೆಂದು ಬರೆಯಬೇಕಾಗಿಲ್ಲ, ನಂಬರು ಬರೆದರೆ ಸಾಕು. ಮೊದಲನೆಯದಾಗಿ ನನ್ನ ನಲವತ್ತು ಪ್ಲೇಟಿನ ಸಾಹೇಬನ ನಂಬರನ್ನು ನಾನೇ ಹಾಕುತ್ತೇನೆ. ಅವನು ಅದನ್ನು ಎಂದೋ ಎಸೆದಿರಬಹುದು, ಆದರೂ ಹಾಕುತ್ತೇನೆ.