ಮಾರ್ಚ್ ಕೊನೆಯ ಪ್ರಶ್ನೆ: ಯಾರ ಬಿಲ್ಲು ಬಾಕಿ ಇದೆ?

ಹುಣಸೂರು, ಪಿರಿಯಾಪಟ್ಟಣ ಹಾಗೂ ಹೆಚ್.ಡಿ. ಕೋಟೆಯ ಪೇಟೆಗಳಲ್ಲಿ ಹಣ ಓಡಾಡುವುದು ತಂಬಾಕು ಹರಾಜಿನ ತಿಂಗಳುಗಳಲ್ಲಿ, ಕೆ.ಆರ್. ನಗರದಲ್ಲಿ ಭತ್ತದ ಸುಗ್ಗಿಯ ನಂತರ. ವರ್ಷವಿಡೀ ಕೊಟ್ಟ ಉದ್ದರಿ ವಸೂಲಾಗುವ ಹೊತ್ತಿಗೆ ಮಾರ್ಚ್ 31 ಸಮೀಪಿಸಿರುತ್ತದೆ. ಆಗ ಅನೇಕ ವರ್ತಕರು ತೆರಿಗೆ ಉಳಿಸಲೆಂದು ಜೀವವಿಮೆಯ ಕಂತು ಕಟ್ಟಲು ಧಾವಿಸುತ್ತಾರೆ. ಆದರೆ 2023-24ನೇ ಹಣಕಾಸು ವರ್ಷದಿಂದ, ಬೇರೆ ಆಯ್ಕೆ ತಿಳಿಸದವರಿಗೆಲ್ಲ ಹೊಸ ತೆರಿಗೆ ಪದ್ಧತಿಯೇ ಅನ್ವಯ. ಅದರಲ್ಲಿ ವಿಮಾ ಕಂತಿಗಾಗಲಿ ಪಿ.ಪಿ.ಎಫ್.ಗಾಗಲಿ ಕಡಿತವಿಲ್ಲ. ಅಂಥವರಿಗೆ ಈ ಧಾವಂತದಿಂದ ತೆರಿಗೆಯಲ್ಲಿ ಒಂದು ರೂಪಾಯಿಯೂ ಉಳಿಯದು.

ಉಳಿತಾಯವಿರುವುದು ಅಂಗಡಿಯ ಲೆಕ್ಕದಲ್ಲೇ. ಕೆಲವು ಖರ್ಚುಗಳನ್ನು ಪುಸ್ತಕದಲ್ಲಿ ಬರೆದರೆ ಸಾಲದು, ಹಣ ವಾಸ್ತವವಾಗಿ ಸಂದಾಯವಾಗಬೇಕು. ಈ ನಿಯಮ ಎರಡೂ ಪದ್ಧತಿಗಳಿಗೆ ಸಮಾನ. ಬ್ಯಾಂಕ್ ಸಾಲದ ಬಡ್ಡಿ, ನೌಕರರ ಬೋನಸ್ ಮುಂತಾದವನ್ನು ರಿಟರ್ನ್ ಸಲ್ಲಿಕೆಯ ಕೊನೆಯ ದಿನದೊಳಗೆ ಪಾವತಿಸಿದರೂ ಆ ವರ್ಷದ ಕಡಿತ ದೊರೆಯುತ್ತದೆ. ಬಾಕಿ ಬಡ್ಡಿಯನ್ನು ಹೊಸ ಸಾಲವಾಗಿ ಪರಿವರ್ತಿಸಿದರೆ ಮಾತ್ರ ಅದು ಸಂದಾಯವೆನಿಸದು.

ಸಣ್ಣ ತಯಾರಕರ ಬಿಲ್ಲಿಗೆ ಈ ಹೆಚ್ಚುವರಿ ಅವಕಾಶವಿಲ್ಲ. 2023ರ ಹಣಕಾಸು ಕಾಯ್ದೆಯು ತಂದ ತಿದ್ದುಪಡಿಯಂತೆ, ನೋಂದಾಯಿತ ಅತಿ ಸಣ್ಣ ಹಾಗೂ ಸಣ್ಣ ಉದ್ದಿಮೆಗಳಿಗೆ ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ 15 ದಿನಗಳೊಳಗೆ, ಇದ್ದಲ್ಲಿ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಬೇಕು. ಗಡುವು ಮೀರಿದರೆ, ಪಾವತಿಸಿದ ವರ್ಷದಲ್ಲಷ್ಟೇ ಕಡಿತ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಈ ತತ್ತ್ವ ಮುಂದುವರಿದಿದೆ.

ಹುಣಸೂರಿನ ವ್ಯಾಪಾರಿಯೊಬ್ಬರು ಕೆ.ಆರ್. ನಗರದ ನೋಂದಾಯಿತ ಸಣ್ಣ ಘಟಕದಿಂದ ಫೆಬ್ರವರಿ 10ರಂದು, ಒಪ್ಪಂದವಿಲ್ಲದೆ, 3 ಲಕ್ಷ ರೂ.ಗಳ ಪೆಟ್ಟಿಗೆಗಳನ್ನು ಪಡೆದರೆನ್ನೋಣ. ಗಡುವು ಫೆಬ್ರವರಿ 25. ಅದು ಮೀರಿದರೂ ಮಾರ್ಚ್ 30ರಂದು ಪಾವತಿಸಿದರೆ ಆ ವರ್ಷದ ಕಡಿತ ಉಳಿಯುತ್ತದೆ. ಏಪ್ರಿಲ್ 5ಕ್ಕೆ ತಳ್ಳಿದರೆ ಕಡಿತ ಒಂದು ವರ್ಷ ಮುಂದೆ ಹೋಗುತ್ತದೆ. ಶೇ. 30ರ ಹಂತದಲ್ಲಿರುವವರು ಸೆಸ್ ಸೇರಿ 93,600 ರೂ. ತೆರಿಗೆಯನ್ನು ಒಂದು ವರ್ಷ ಮೊದಲೇ ಕಟ್ಟಬೇಕಾಗುತ್ತದೆ. ಆರು ದಿನಗಳ ವಿಳಂಬಕ್ಕೆ ಇದು ದುಬಾರಿ ಬೆಲೆ. ಇದಲ್ಲದೆ, ಗಡುವು ಮೀರಿದ ದಿನದಿಂದ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯ ಹೊಣೆಯೂ ಉಂಟು. ಆ ಬಡ್ಡಿಗೆ ತೆರಿಗೆ ಕಡಿತವಿಲ್ಲ.

ಇದಕ್ಕೆ ಹೆದರಿ ನೋಂದಾಯಿತ ಘಟಕಗಳಿಂದ ಕೊಳ್ಳುವುದನ್ನೇ ಬಿಡುವುದು ಹ್ರಸ್ವದೃಷ್ಟಿ. ಇಂದು ಕೊಳ್ಳುವವರೇ ನಾಳೆ ಮಾರುವವರು. ತಮ್ಮ ಬಾಕಿ ಸಕಾಲಕ್ಕೆ ಬರಬೇಕೆಂದು ಬಯಸುವವರು ಇತರರ ಬಾಕಿಯನ್ನೂ ಸಕಾಲಕ್ಕೆ ತೀರಿಸಬೇಕಲ್ಲವೆ? ಮಾರ್ಚ್ ಮಧ್ಯಭಾಗದೊಳಗೆ ಬಾಕಿದಾರರ ಪಟ್ಟಿ ತಯಾರಿಸಿ, ಪ್ರತಿಯೊಬ್ಬರ ಉದ್ಯಮ್ ಪ್ರಮಾಣಪತ್ರ ಪಡೆದು, ತಯಾರಕರನ್ನು ಗುರುತಿಸಿ, ಮೊದಲು ಅವರ ಬಿಲ್ಲು ಚುಕ್ತಾ ಮಾಡುವುದು ಲೇಸು. ಕೊಟ್ಟವರಿಗೆ ತೆರಿಗೆ ಹಗುರ, ಪಡೆದವರಿಗೆ ಬಂಡವಾಳ ಸಲೀಸು.