ಶಾಲೆಗೆ ಬಂದ ಯಂತ್ರ ಮಗುವಿನ ಮಟ್ಟ ತಲುಪೀತೇ?

ಬೆಂಗಳೂರು: ಹೊಸೂರು ರಸ್ತೆಯ ಸಿಂಗಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ ಮೆಟ್ರೊ ಬಂದಿತು. ಅಲ್ಲಿಂದ ಮೂರನೆಯ ನಿಲ್ದಾಣವೇ ಎಲೆಕ್ಟ್ರಾನಿಕ್ ಸಿಟಿ. ಜಗತ್ತಿನ ಬ್ಯಾಂಕು, ಮಳಿಗೆಗಳಿಗೆ ತಂತ್ರಾಂಶ ಬರೆಯುವ ಆ ಕಚೇರಿಗಳನ್ನು ಕಾಯುವವರ, ಗುಡಿಸುವವರ, ಸುತ್ತಲಿನ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರ ಮಕ್ಕಳು ಇದೇ ಪಟ್ಟಿಯ ಸರ್ಕಾರಿ ಶಾಲೆಗಳಲ್ಲಿ ಓದುತ್ತಾರೆ. ತಮಿಳು, ತೆಲುಗು, ಹಿಂದಿ ಮಾತನಾಡುವ ಮನೆಗಳಿಂದ, ಊರೂರು ಬದಲಿಸಿ ಬಂದ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಾಗ ಅವರ ಕಲಿಕೆಯ ಮಟ್ಟ ಒಂದೇ ಆಗಿರಲು ಸಾಧ್ಯವಿಲ್ಲ. ಪ್ರತಿ ಮಗುವಿಗೂ ಅದರ ಮಟ್ಟಕ್ಕೆ ತಕ್ಕ ಪಾಠ ನೀಡಲು ತಂತ್ರಜ್ಞಾನ ನೆರವಾದೀತೇ ಎಂಬ ಪ್ರಶ್ನೆಗೆ ಇಲ್ಲಿ ಮಹತ್ವ ಬರುವುದು ಈ ಕಾರಣಕ್ಕೆ.

ಕರ್ನಾಟಕಕ್ಕೆ ಈ ಪ್ರಯತ್ನ ಹೊಸತಲ್ಲ. 2004ರಲ್ಲಿ ಇಸ್ರೊ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಬಿತ್ತರಿಸಲಾಯಿತು. ಆದರೆ ಮುಂದಿದ್ದ ಮಗುವಿಗೂ ಹಿಂದುಳಿದ ಮಗುವಿಗೂ ಅದು ತಲುಪಿಸಿದ್ದು ಒಂದೇ ಪಾಠವನ್ನು. ಅದೇ ದಶಕದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರ್ ಆಧಾರಿತ ಕಲಿಕಾ ಸಿ.ಡಿ.ಗಳನ್ನು ಒದಗಿಸಿತು. ಶಿಕ್ಷಣದ ಮೂಲ ಸಮಸ್ಯೆಗಳನ್ನು ತಂತ್ರಜ್ಞಾನ ಬಗೆಹರಿಸಲಾರದು ಎಂದು 2010ರಲ್ಲಿ ಬಹಿರಂಗವಾಗಿ ಬರೆದವರು ಅದೇ ಸಂಸ್ಥೆಯ ಅನುರಾಗ್ ಬೆಹರ್ ಎಂಬುದು ಗಮನಾರ್ಹ.

ಇದಕ್ಕೂ ಮೊದಲೇ, ವಿದ್ಯುತ್ತೂ ಬೇಡದ ಪ್ರಯೋಗವೊಂದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ನಡೆದಿತ್ತು. ರಿಷಿ ವ್ಯಾಲಿಯ ಮಾದರಿಯಿಂದ ಪ್ರೇರಿತರಾದ ಶಿಕ್ಷಕರು 1995ರಲ್ಲಿ ಆರಂಭಿಸಿದ 'ನಲಿ-ಕಲಿ'ಯಲ್ಲಿ ಮಗು ಕಾರ್ಡುಗಳ ನೆರವಿನಿಂದ, ತನ್ನದೇ ವೇಗದಲ್ಲಿ ಕಲಿಕಾ ಏಣಿ ಏರುತ್ತದೆ. ಹತ್ತು ದಿನ ಶಾಲೆ ತಪ್ಪಿಸಿಕೊಂಡರೂ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಮುಂದುವರಿಯಬಹುದು. 2009-10ರಿಂದ ಈ ಪದ್ಧತಿ ರಾಜ್ಯಕ್ಕೆಲ್ಲ ವಿಸ್ತರಿಸಿತು. ಆದರೆ ಅದು ಮೊದಲ ಮೂರು ತರಗತಿಗಳಿಗಷ್ಟೇ ಸೀಮಿತ. ನಾಲ್ಕನೇ ತರಗತಿಗೆ ಬರುತ್ತಿದ್ದಂತೆ ಏಣಿ ಮಾಯವಾಗುತ್ತದೆ. ಎಲ್ಲರಿಗೂ ಒಂದೇ ಪಠ್ಯಪುಸ್ತಕ, ಅದನ್ನು ನಿಗದಿತ ತಿಂಗಳಲ್ಲಿ ಮುಗಿಸುವ ಧಾವಂತ ಶುರುವಾಗುತ್ತದೆ.

ಹೀಗೆ ಕೈಬಿಟ್ಟ ಮಗುವಿನ ಗತಿಯೇನು? ದೆಹಲಿಯಲ್ಲಿ 2015ರಲ್ಲಿ 'ಮೈಂಡ್‌ಸ್ಪಾರ್ಕ್' ತಂತ್ರಾಂಶದ ಮೇಲೆ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಇದಕ್ಕೆ ಉತ್ತರ ನೀಡುತ್ತದೆ. ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ಮಾಮೂಲಿ ಪಾಠದಿಂದ ತೀರಾ ಹಿಂದುಳಿದವರಿಗೆ ಹೆಚ್ಚುಕಡಿಮೆ ಏನೂ ದಕ್ಕುತ್ತಿರಲಿಲ್ಲ. ಮಗು ಎಲ್ಲಿದೆಯೋ ಅಲ್ಲಿಂದಲೇ ಪಾಠ ಆರಂಭಿಸುವ ತಂತ್ರಾಂಶ ನಾಲ್ಕೂವರೆ ತಿಂಗಳಲ್ಲಿ ಗಮನಾರ್ಹ ಪ್ರಗತಿ ತಂದಿತು. ಆದರೆ ಅದು ಶಾಲಾ ಸಮಯದ ಹೊರಗಿನ ಕೇಂದ್ರ. ಅಲ್ಲಿ ಕಂಪ್ಯೂಟರಿನಷ್ಟೇ ಹೊತ್ತು ಸಣ್ಣ ಗುಂಪುಗಳಿಗೆ ಮನುಷ್ಯರೇ ಪಾಠ ಹೇಳುತ್ತಿದ್ದರು ಎಂಬುದನ್ನು ಮರೆಯುವಂತಿಲ್ಲ.

ದುಬಾರಿ ಸಾಧನವೇ ಬೇಕೆಂದೂ ಇಲ್ಲ. ಕೊರೊನಾ ಕಾಲದಲ್ಲಿ ಬೋಟ್ಸ್ವಾನಾದಲ್ಲಿ ಪರೀಕ್ಷಿಸಿ, ಬಳಿಕ ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಬಳಕೆಯಾದದ್ದು ಸಾಮಾನ್ಯ ಫೋನ್ ಕರೆ. ವಾರಕ್ಕೊಮ್ಮೆ ಸುಮಾರು 20 ನಿಮಿಷ ಒಂದು ಮಗುವಿಗೆ ಅದರ ಮಟ್ಟದ ಗಣಿತ ಹೇಳಿಕೊಡಲಾಯಿತು. ಸರ್ಕಾರಿ ಶಿಕ್ಷಕರು ಕರೆ ಮಾಡಿದಾಗಲೂ ಫಲ ಕುಗ್ಗಲಿಲ್ಲ. ಕರ್ನಾಟಕದ 'ಗಣಿತ ಗಣಕ' ಇದೇ ಜಾಡಿನದು. ಇದರ ಜೊತೆಗೆ, ಏಕ್‌ಸ್ಟೆಪ್ ಫೌಂಡೇಶನ್ ಸಹಯೋಗದ, ಕೃತಕ ಬುದ್ಧಿಮತ್ತೆ ಆಧಾರಿತ 'ಕಲಿಕಾ ದೀಪ'ವನ್ನು 2,000 ಶಾಲೆಗಳಿಗೆ ವಿಸ್ತರಿಸುವುದಾಗಿ 2025-26ರ ರಾಜ್ಯ ಬಜೆಟ್ ಘೋಷಿಸಿತು.

ಇವು ಸ್ವಾಗತಾರ್ಹ ಹೆಜ್ಜೆಗಳು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಸಿಂಗಸಂದ್ರದಂಥ ಪ್ರದೇಶದಲ್ಲಿ ಮನೆಯ ಒಂದೇ ಫೋನು ಪಾಳಿಗೆ ಹೋದ ತಂದೆಯ ಜೇಬಿನಲ್ಲಿದ್ದರೆ ಶಿಕ್ಷಕಿಯ ಕರೆ ಮಗುವಿಗೆ ತಲುಪುವುದು ಯಾವಾಗ? ಮನೆಯಲ್ಲಿ ತೆಲುಗು ಆಡುವ ಮಗು ಕನ್ನಡ ಓದುವಾಗಿನ ಉಚ್ಚಾರಣೆಯನ್ನು ಯಂತ್ರ ತಪ್ಪೆಂದು ಎಣಿಸದೇ? ಎಲ್ಲಕ್ಕಿಂತ ಮುಖ್ಯವಾಗಿ, ಆರನೇ ತರಗತಿಯ ಮಗುವಿಗೆ ಮೂರನೇ ತರಗತಿಯ ಭಾಗಾಕಾರ ಬೇಕೆಂದು ತಂತ್ರಾಂಶ ತೋರಿಸಿಕೊಟ್ಟರೆ, ಅದನ್ನು ಕಲಿಸಲು ಶಿಕ್ಷಕಿಗೆ ಬಿಡುವಾದರೂ ಎಲ್ಲಿದೆ? ಪಠ್ಯ ಮುಗಿಸಿದ ಲೆಕ್ಕ, ಬಿಸಿಯೂಟದ ದಾಖಲೆ, ಸಮೀಕ್ಷೆಯ ಕೆಲಸ ಅವರ ಹೆಗಲಿಗೇ ಬೀಳುತ್ತವೆ.

ರೋಗ ಪತ್ತೆ ಹಚ್ಚಿ ಔಷಧ ಕೊಡದಿದ್ದರೆ ಪ್ರಯೋಜನವಿಲ್ಲ. ಆದ್ದರಿಂದ ಶಾಲೆಗಳಿಗೆ ಎಷ್ಟು ಟ್ಯಾಬ್ಲೆಟ್ ಹಂಚಲಾಯಿತು ಎಂಬ ಲೆಕ್ಕಕ್ಕಿಂತ, ನಾಲ್ಕನೇ ತರಗತಿಯಿಂದಾಚೆಗೂ ದಿನಕ್ಕೊಂದು ಗಂಟೆಯನ್ನು ಮಟ್ಟಾಧಾರಿತ ಕಲಿಕೆಗೆ ಮೀಸಲಿಡಲಾಯಿತೇ, ಆ ಗಂಟೆಯಲ್ಲಿ ಪಠ್ಯದ ಗಡುವಿನಿಂದ ಶಿಕ್ಷಕರಿಗೆ ವಿನಾಯಿತಿ ದೊರೆಯಿತೇ ಎಂಬುದನ್ನು ಶಿಕ್ಷಣ ಇಲಾಖೆ ನೋಡಬೇಕಿದೆ. ಹೆಗ್ಗಡದೇವನಕೋಟೆಯ ಶಿಕ್ಷಕರು ಮೂರು ದಶಕಗಳ ಹಿಂದೆ ಕಾರ್ಡುಗಳಲ್ಲಿ ಕಟ್ಟಿದ ಏಣಿಯನ್ನು ಮುಂದಿನ ತರಗತಿಗಳಿಗೂ ಒಯ್ಯಲು ಯಂತ್ರ ಬಳಕೆಯಾದರೆ ಮಾತ್ರ ಈ ವೆಚ್ಚಕ್ಕೆ ಅರ್ಥ ಬಂದೀತು.