ಕೀಲುನೋವಿಗೂ ಒಂದು ಲೆಕ್ಕದ ಪುಸ್ತಕ



ಹಾಲಿನ ಲೆಕ್ಕ, ದಿನಸಿ ಲೆಕ್ಕ, ಚೀಟಿಯ ಲೆಕ್ಕ ಎಲ್ಲವನ್ನೂ ಬರೆದಿಡುವ ನಾವು ನಮ್ಮ ಮೈಯ ನೋವಿನ ಲೆಕ್ಕ ಮಾತ್ರ ಇಡುವುದಿಲ್ಲ. ಈ ಸಲ ಅದರದೇ ಮಾತು.

ಕೀಲುನೋವೆಲ್ಲ ಒಂದೇ ಅಲ್ಲ. ವಯಸ್ಸಾಗಿ ಮಂಡಿ ಸವೆದು ಬರುವ ನೋವು ಬೇರೆ. ಬೆರಳ ಗೆಣ್ಣು, ಮಣಿಕಟ್ಟು ಊದಿಕೊಂಡು, ಬೆಳಿಗ್ಗೆ ಎದ್ದರೆ ಒಂದು ಗಂಟೆ ಕೈ ಮಡಚಲಾಗದ ಹಾಗೆ ಬಿಗಿಯುವುದೇ ಬೇರೆ. ಇದನ್ನು ಡಾಕ್ಟರು ರುಮಟಾಯ್ಡ್ ಸಂಧಿವಾತ ಅನ್ನುತ್ತಾರೆ. ಗಂಡಸರಿಗಿಂತ ನಮಗೇ ಇದು ಹೆಚ್ಚು. ಅಲಕ್ಷ್ಯ ಮಾಡಿದರೆ ಬೆರಳು ಸೊಟ್ಟಗಾಗುತ್ತವೆ. ಸೊಟ್ಟಗಾದದ್ದು ಮಾತ್ರೆಯಿಂದ ನೆಟ್ಟಗಾಗದು. ಕೊಳ್ಳೇಗಾಲದ ಕಡೆ ನೂಲು ಬಿಚ್ಚಿ, ಮಗ್ಗ ನಡೆಸಿ ಬದುಕುವವರಿಗೆ ಕೈಯೇ ಬಂಡವಾಳ, ಅಲ್ಲವೇ?

ಈ ಕಾಯಿಲೆಗೆ ವರ್ಷಗಟ್ಟಲೆ ಔಷಧಿ ಬೇಕು. ಹನೂರಿನವರು ಕೊಳ್ಳೇಗಾಲಕ್ಕೆ ಬಂದು, ಅಲ್ಲಿಂದ ಮೈಸೂರಿಗೆ ಹೋಗಿ ತೋರಿಸಿಕೊಂಡು ಬರುವಷ್ಟರಲ್ಲಿ ದಿನವೇ ಕಳೆಯುತ್ತದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡು ಉಳಿಯಿತು, ನಿಜ. ಜೊತೆಗೆ ಬರುವ ಗಂಡಸಿನ ಟಿಕೆಟ್ಟು, ಊಟತಿಂಡಿ, ಇಬ್ಬರ ಕೂಲಿ? ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಅದಕ್ಕೇ ಒಂದು ಸಣ್ಣ ನೋಟ್ ಪುಸ್ತಕ ಇಡಿ. ವಾರಕ್ಕೊಮ್ಮೆ, ಗೊತ್ತಾದ ದಿನ, ಇಷ್ಟು ಬರೆಯಿರಿ:

1. ಬೆಳಗಿನ ಬಿಗಿತ ಎಷ್ಟು ನಿಮಿಷ ಇತ್ತು?
2. ಯಾವ ಯಾವ ಕೀಲು ಊದಿವೆ?
3. ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂಕ?
4. ಮುದ್ದೆ ತಿರುವಲು, ಬಟ್ಟೆ ಹಿಂಡಲು, ಜಡೆ ಹೆಣೆಯಲು ಆಯಿತೇ?
5. ಮಾತ್ರೆ ಯಾವ ದಿನ ನುಂಗಿದಿರಿ?

ಐದನೆಯದು ಬಹಳ ಮುಖ್ಯ ಕಣ್ರೀ. ಈ ರೋಗಕ್ಕೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವಂಥದು. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಬಸುರಿಯರೂ, ಮಗು ಬೇಕೆನ್ನುವವರೂ ಅದನ್ನು ತೆಗೆದುಕೊಳ್ಳಕೂಡದು. ಮೊದಲೇ ಡಾಕ್ಟರಿಗೆ ಹೇಳಿ.

ಈ ಪುಸ್ತಕದಿಂದ ದುಡ್ಡು ಉಳಿಯುವುದು ಹೇಗೆ? ಡೆನ್ಮಾರ್ಕ್ ದೇಶದಲ್ಲಿ ರೋಗ ಹತೋಟಿಯಲ್ಲಿದ್ದ 294 ಜನರನ್ನು ಒಂದು ವರ್ಷ ನೋಡಿದರು. ಮನೆಯಲ್ಲೇ ಇಂಥ ಪ್ರಶ್ನೆಗಳಿಗೆ ಉತ್ತರ ಬರೆದು, ರಕ್ತಪರೀಕ್ಷೆ ಮಾಡಿಸಿಕೊಂಡು, ಫೋನಿನಲ್ಲೇ ವಿಚಾರಿಸಿಕೊಂಡವರ ಕಾಯಿಲೆ, ಆಸ್ಪತ್ರೆಗೆ ಹೋಗುತ್ತಿದ್ದವರಿಗಿಂತ ಕೆಡಲಿಲ್ಲ. ಓಡಾಟ ಮಾತ್ರ ಕಡಿಮೆಯಾಯಿತು. ಇದು 2018ರಲ್ಲಿ ಪ್ರಕಟವಾಗಿದೆ. ನೀವೂ ಪುಸ್ತಕ ತೋರಿಸಿ ಡಾಕ್ಟರನ್ನು ಕೇಳಿ: "ಹೀಗೇ ಇದ್ದರೆ ಎಷ್ಟು ತಿಂಗಳಿಗೊಮ್ಮೆ ಬರಲಿ? ರಕ್ತಪರೀಕ್ಷೆ ನಮ್ಮೂರ ಹತ್ತಿರವೇ ಮಾಡಿಸಲೇ?" ಯಳಂದೂರಿನವರು ಕೊಳ್ಳೇಗಾಲದಲ್ಲೇ ಮಾಡಿಸಿ ವರದಿ ಕಳಿಸುವಂತಾದರೆ ಒಂದು ಪ್ರಯಾಣ ಉಳಿದಂತೆ.

ಆದರೆ ಲೆಕ್ಕ ಚೆನ್ನಾಗಿದೆಯೆಂದು ಮಾತ್ರೆಯನ್ನಾಗಲಿ, ರಕ್ತಪರೀಕ್ಷೆಯನ್ನಾಗಲಿ ನೀವೇ ನಿಲ್ಲಿಸಬೇಡಿ. ಯಕೃತ್ತಿಗೆ, ರಕ್ತಕ್ಕೆ ತೊಂದರೆಯಾದರೆ ಪುಸ್ತಕಕ್ಕೆ ಗೊತ್ತಾಗದು. ಊತ, ಬಿಗಿತ ಎರಡು ವಾರ ಏರುತ್ತಲೇ ಇದ್ದರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ. ಜ್ವರ ಬಂದರೆ, ಉಸಿರು ಕಟ್ಟಿದರೆ, ಬಾಯಿ ಹುಣ್ಣಾದರೆ ಅವತ್ತೇ ತೋರಿಸಿ. ಅಂಗಡಿಯಲ್ಲಿ ಕೇಳಿ ತರುವ "ಊತ ಇಳಿಯುವ ಮಾತ್ರೆ" ಸ್ಟಿರಾಯ್ಡ್ ಆಗಿದ್ದರೆ ಇಂದು ಹಾಯೆನಿಸಿ, ನಾಳೆ ಮೂಳೆ ಸವೆಸುತ್ತದೆ, ಸಕ್ಕರೆ ಕಾಯಿಲೆ ಏರಿಸುತ್ತದೆ.

ಬರೆಯಲು ಬಾರದ ಅತ್ತೆಯವರಿದ್ದರೆ ಮೊಮ್ಮಕ್ಕಳ ಕೈಲಿ ಬರೆಸಿ. ಅಜ್ಜಿಯ ನೋವು ಎಷ್ಟೆಂದು ಮಕ್ಕಳಿಗೂ ತಿಳಿಯುತ್ತದೆ.